ಮೈಸೂರಿನ ಹೂಗಳಿಂದ ಬರೋಕ್ ಶೈಲಿಯ ತೈಲಚಿತ್ರ: ಮೊದಲ ಕೋಟಿನಿಂದ ವಾರ್ನಿಷ್‌ವರೆಗೆ

17ನೇ ಶತಮಾನದ, ಅಂದರೆ ಬರೋಕ್ ಕಾಲದ, ಹಾಲೆಂಡಿನ ಹೂಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೂವಿನ ರಾಶಿ. ಅಂಥದ್ದೊಂದನ್ನು ಬರೆಯಲು ಕೂತಾಗ ಮಾತ್ರ ಗುಟ್ಟು ತಿಳಿಯುತ್ತದೆ: ಅಷ್ಟು ಹೂಗಳಲ್ಲಿ ಪೂರ್ತಿ ಬೆಳಕು ಬಿದ್ದಿರುವುದು ಒಂದಕ್ಕೋ ಎರಡಕ್ಕೋ ಅಷ್ಟೆ. ಐದಾರು ಹೂ ಅರೆಬೆಳಕಿನಲ್ಲಿರುತ್ತವೆ. ಉಳಿದವು ನೆರಳಿನಲ್ಲಿ ಕರಗಿರುತ್ತವೆ, ಹುಡುಕಿ ನೋಡಿದರಷ್ಟೇ ಸಿಗುತ್ತವೆ. ಹೊಸಬರ ಚಿತ್ರ ಹೂಮಾಲೆ ಹಾಸಿದಂತೆ ಚಪ್ಪಟೆಯಾಗುವುದು ಕೈ ಪಳಗದೆ ಇರುವುದರಿಂದಲ್ಲ, ಎಲ್ಲ ಹೂವಿಗೂ ಸಮನಾಗಿ ಬೆಳಕು ಹಂಚಿರುವುದರಿಂದ. ಮುಂದೆ ಹೇಳುವ ಪ್ರತಿ ಹಂತದಲ್ಲೂ ಈ ಒಂದು ವಿಷಯ ತಲೆಯಲ್ಲಿರಲಿ.

ಇನ್ನೊಂದು ಮಾತು. ಆ ಕಲಾವಿದರು ಒಂದೇ ಹೂಗುಚ್ಛ ಎದುರಿಗಿಟ್ಟುಕೊಂಡು ಬರೆದವರಲ್ಲ. ವಸಂತದ ಟ್ಯುಲಿಪ್ ಮತ್ತು ಬೇಸಿಗೆಯ ಗುಲಾಬಿ ಒಂದೇ ಹೂದಾನಿಯಲ್ಲಿ ನಿಲ್ಲುವುದು ಚಿತ್ರದಲ್ಲಿ ಮಾತ್ರ ಸಾಧ್ಯ. ಒಂದೊಂದು ಹೂವನ್ನೂ ಅದು ಅರಳುವ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ಆಮೇಲೆ ಜೋಡಿಸುತ್ತಿದ್ದರು. ಅದೇ ದಾರಿಯಲ್ಲಿ ನಡೆದ ಮುಂದಿನ ಪೀಳಿಗೆಯ ಡಚ್ ಕಲಾವಿದ ಯಾನ್ ವಾನ್ ಹೈಸಮ್ ತನ್ನ ಒಂದು ಹೂಚಿತ್ರದ ಮೇಲೆ 1736 ಮತ್ತು 1737 ಎಂದು ಎರಡು ಇಸವಿ ಬರೆದಿದ್ದಾನೆ. ನಮಗೂ ಇದೇ ದಾರಿ. ಮಲ್ಲಿಗೆ ಜೋರಾಗಿ ಬರುವುದು ಬೇಸಿಗೆಯಲ್ಲಿ, ರಾಗಿ ತೆನೆ ಬಲಿಯುವುದು ಕಾರ್ತೀಕದ ಹೊತ್ತಿಗೆ. ಎರಡೂ ಒಂದೇ ಚೊಂಬಿನಲ್ಲಿ ಬರಬಹುದು, ಕಾಯುವ ತಾಳ್ಮೆ ಬೇಕು.

ಬೆಳಕು ಮತ್ತು ಡಬ್ಬ

ಕಲಾವಿದನ ಕೋಣೆಗೆ ಉತ್ತರದ ಕಿಟಕಿ ಇರಬೇಕು ಎಂದು ಯುರೋಪಿನ ಪುಸ್ತಕಗಳೆಲ್ಲ ಹೇಳುತ್ತವೆ. ಅಲ್ಲಿ ಉತ್ತರದ ಕಿಟಕಿಯೊಳಗೆ ನೇರ ಬಿಸಿಲು ಬೀಳುವುದೇ ಅಪರೂಪ. ಮೈಸೂರಿನಲ್ಲಿ ಆ ಮಾತು ವರ್ಷಪೂರ್ತಿ ನಡೆಯುವುದಿಲ್ಲ. ನಮ್ಮ ಊರಿರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಆಸುಪಾಸಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ತಾಗುತ್ತದೆ, ಬೆಳಗ್ಗೆ ಮತ್ತು ಸಂಜೆ ಓರೆಯಾಗಿ ಒಳಗೇ ಬರುತ್ತದೆ. ಕಿಟಕಿಗೆ ತೆಳು ಬಿಳಿ ಪಂಚೆಯನ್ನು ಒಂದು ಮಡಿಕೆ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಪಂಚೆಯ ಅಗತ್ಯವಿಲ್ಲ.

ಕಿಟಕಿಯನ್ನೇ ನಂಬಿದರೆ ಮೋಡ ಕವಿದಾಗಲೆಲ್ಲ ನೆರಳು ಬದಲಾಗುತ್ತದೆ. ಆದ್ದರಿಂದ ಮೊದಲ ಚಿತ್ರಕ್ಕೆ ದೀಪವೇ ಒಳ್ಳೆಯದು. ಸುಮಾರು ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ರಟ್ಟಿನ ಡಬ್ಬ ತೆಗೆದುಕೊಂಡು ಮುಂಭಾಗವನ್ನೂ ಎಡಗೋಡೆಯನ್ನೂ ಕತ್ತರಿಸಿ ತೆಗೆಯಿರಿ. ಒಳಗೆ ಕಡುಗಂದು ಬಣ್ಣ ಬಳಿಯಿರಿ, ಇಲ್ಲವೇ ಹಳೆಯ ಕಪ್ಪು ಶಾಲು ಹಾಸಿ. 9 ವಾಟ್‌ನ ಎಲ್‌ಇಡಿ ಬಲ್ಬನ್ನು ಎಡಗಡೆಯಿಂದ, ಹೂವಿಗಿಂತ ಒಂದೂವರೆ ಅಡಿ ಮೇಲೆ, ನಿಮ್ಮ ಕಡೆಗೆ ಕೊಂಚ ಮುಂದಾಗಿ ಕಟ್ಟಿ. ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90 ಅಥವಾ ಹೆಚ್ಚು ಎಂದಿರುವುದನ್ನು ನೋಡಿಕೊಳ್ಳಿ. ಸಿಆರ್‌ಐ ಕಡಿಮೆಯಿದ್ದರೆ ಕೆಂಪು ಗುಲಾಬಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕ್ಯಾನ್ವಾಸಿಗೆ ಬೇರೆ ದೀಪವಿರಲಿ, ಅದರ ಬೆಳಕು ಡಬ್ಬದೊಳಗೆ ಹೋಗದಂತೆ ರಟ್ಟು ಅಡ್ಡ ಇಡಿ. ಎರಡು ಕಡೆಯ ಬೆಳಕು ಹೂವಿನ ಮೇಲೆ ಬಿದ್ದರೆ ನೆರಳು ಸತ್ತಂತೆ.

ಒಂದೇ ದೀಪದ ಬೆಳಕು ದೂರ ಹೋದಂತೆ ಹೇಗೆ ಕುಗ್ಗುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಬೇಕಾದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಬನ್ನಿ. ಕಲಾವಿದ ಹಲ್ದನ್‌ಕರ್ ಬರೆದ, ದೀಪ ಹಿಡಿದ ಹೆಂಗಸಿನ ಚಿತ್ರ ಅಲ್ಲಿದೆ. ಅದು ಜಲವರ್ಣ, ಆದರೂ ಪಾಠ ಅದೇ: ಬೆರಳ ಸಂದಿಯಲ್ಲಿ ಬೆಳಕು ಎಷ್ಟಿದೆ, ಸೀರೆಯ ಸೆರಗಿನ ತುದಿಗೆ ಬರುವಷ್ಟರಲ್ಲಿ ಎಷ್ಟು ಉಳಿದಿದೆ ನೋಡಿ. ಅಲ್ಲೇ ರವಿವರ್ಮನ ತೈಲಚಿತ್ರಗಳೂ ಇವೆ. ಒಡವೆಯ ಹೊಳಪಿಗೆ ಎಷ್ಟು ಚಿಕ್ಕ ಚುಕ್ಕಿ ಸಾಕಾಗಿದೆ ಎಂದು ಹತ್ತಿರ ನಿಂತು ಲೆಕ್ಕ ಹಾಕಿ.

ಸಾಮಾನು

ಕ್ಯಾನ್ವಾಸ್ 16×20 ಇಂಚು, ಉದ್ದುದ್ದಕ್ಕೆ ನಿಲ್ಲಿಸಿ. ನೇಯ್ಗೆ ಸಣ್ಣದಿರಬೇಕು. ಒರಟು ಕ್ಯಾನ್ವಾಸಿನ ಮೇಲೆ ಮಲ್ಲಿಗೆ ಮೊಗ್ಗಿನ ಅಂಚು ನಿಲ್ಲುವುದೇ ಇಲ್ಲ. ಅಂಗಡಿಯಿಂದ ತಂದ ಪ್ರೈಮ್ ಮಾಡಿದ ಕ್ಯಾನ್ವಾಸಿಗೂ ಅಕ್ರಿಲಿಕ್ ಗೆಸ್ಸೋ, ಅಂದರೆ ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಪದರ, ಇನ್ನೆರಡು ಕೋಟು ಹಚ್ಚಿ, ಪ್ರತಿ ಕೋಟು ಒಣಗಿದ ಮೇಲೆ 320 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಹಾಲೆಂಡಿನವರು ಓಕ್ ಹಲಗೆ, ತಾಮ್ರದ ತಗಡುಗಳ ಮೇಲೂ ಬರೆದದ್ದು ಇದೇ ನುಣುಪಿಗಾಗಿ.

ಇಲ್ಲಿ ನಮ್ಮೂರಿನವರಿಗೆ ಒಂದು ಎಚ್ಚರಿಕೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಹಾಕುವ ಗೆಸ್ಸೋ ಬೇರೆ, ಕ್ಯಾನ್ವಾಸಿಗೆ ಹಚ್ಚುವ ಗೆಸ್ಸೋ ಬೇರೆ. ಹೆಸರು ಒಂದೇ ಎಂದು ಅಂಟು ಕಲಸಿದ ಆ ಪುಡಿಯನ್ನು ಬಿಗಿದ ಬಟ್ಟೆಯ ಮೇಲೆ ಬಳಿದರೆ ಬಟ್ಟೆ ಅಲುಗಾಡಿದಂತೆಲ್ಲ ಅದು ಬಿರುಕು ಬಿಡುತ್ತದೆ.

ಬಣ್ಣಗಳು ಹತ್ತು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ಲೆಮನ್, ಕ್ಯಾಡ್ಮಿಯಂ ರೆಡ್, ಕ್ವಿನಾಕ್ರಿಡೋನ್ ರೋಸ್, ಬರ್ಂಟ್ ಸಿಯೆನ್ನಾ, ರಾ ಅಂಬರ್, ಬರ್ಂಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಬಿಳಿ ದೊಡ್ಡ ಟ್ಯೂಬಿರಲಿ, ಉಳಿದವು ಚಿಕ್ಕವು ಸಾಕು. ಅಲಿಜರಿನ್ ಕ್ರಿಮ್ಸನ್ ಕೊಳ್ಳುವ ಮುಂಚೆ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ಸಂಕೇತ ಓದಿ. ಪಿಆರ್ 83 ಎಂದಿದ್ದರೆ ಬಿಡಿ, ತೆಳು ಗ್ಲೇಜಿನಲ್ಲಿ (ಒಣಗಿದ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಬಣ್ಣದ ಪೊರೆ) ಅದು ಬೆಳಕಿಗೆ ಮಾಸುತ್ತದೆ. ಪಿವಿ 19, ಅಂದರೆ ಕ್ವಿನಾಕ್ರಿಡೋನ್, ನಿಲ್ಲುತ್ತದೆ. ಝಿಂಕ್ ವೈಟ್ ಒಣಗಿದ ಮೇಲೆ ಪೆಡಸಾಗಿ ಬಿರಿಯುವುದರಿಂದ ಅದನ್ನೂ ದೂರವಿಡಿ.

ಬ್ರಷ್ ಹೀಗಿರಲಿ: ಹಿನ್ನೆಲೆಗೆ 8 ನಂಬರಿನ ಹಾಗ್ ಫಿಲ್ಬರ್ಟ್ (ಹಂದಿಗೂದಲಿನ, ದುಂಡು ತುದಿಯ ಚಪ್ಪಟೆ ಬ್ರಷ್), ಹೂವಿಗೆ 6, 4, 2 ನಂಬರಿನ ಸಿಂಥೆಟಿಕ್ ಫಿಲ್ಬರ್ಟ್, ಸಣ್ಣ ಕೆಲಸಕ್ಕೆ 1 ನಂಬರಿನ ರೌಂಡ್, ತೊಟ್ಟು ಮತ್ತು ಬಳ್ಳಿಗೆ ಉದ್ದ ಕೂದಲಿನ ತೆಳು ಬ್ರಷ್ ಆದ ರಿಗ್ಗರ್, ಅಂಚು ಕರಗಿಸಲು ಒಂದು ಮೆತ್ತನೆಯ ಒಣ ಬ್ರಷ್. ಈ ಕೊನೆಯದನ್ನು ಬಣ್ಣಕ್ಕೆ ಅದ್ದಲೇಬಾರದು.

ಎಣ್ಣೆಯ ವಿಷಯದಲ್ಲಿ ತಪ್ಪು ಹೆಚ್ಚು. ಬೇಕಾದದ್ದು ಕಲಾವಿದರಿಗೆಂದೇ ಶುದ್ಧೀಕರಿಸಿದ ಅಗಸೆ ಎಣ್ಣೆ, ಅಂದರೆ ರಿಫೈನ್ಡ್ ಲಿನ್ಸೀಡ್ ಆಯಿಲ್. ಗಾಣದ ಅಗಸೆ ಎಣ್ಣೆ ಊಟಕ್ಕೆ ಒಳ್ಳೆಯದು, ಚಿತ್ರಕ್ಕಲ್ಲ. ಅದರಲ್ಲಿ ಉಳಿದಿರುವ ಲೋಳೆ ಅಂಶ ಬಣ್ಣದ ಪದರವನ್ನು ಕೆಡಿಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಚಿತ್ರ ಹಳದಿಗಟ್ಟುತ್ತದೆ. ಕೊಬ್ಬರಿ ಎಣ್ಣೆ ಎಂದಿಗೂ ಒಣಗುವುದಿಲ್ಲ. ಅಗಸೆ ಎಣ್ಣೆ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುವುದರಿಂದ. ಈ ಗುಣ ಕೊಬ್ಬರಿ ಎಣ್ಣೆಗಿಲ್ಲ.

ಇದೇ ಕಾರಣಕ್ಕೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸಿಡಿ. ಬಣ್ಣ ತೆಳುಮಾಡಲು ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ಹೂವಿನ ಅಧ್ಯಯನ

ಈ ಹಂತವನ್ನು ಬಿಟ್ಟು ನೇರ ಕ್ಯಾನ್ವಾಸಿಗೆ ಹೋದವರ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಹೂ ಕಾಯುವುದಿಲ್ಲ. ದೇವರಾಜ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಿ. ಅಲ್ಲಿ ಸೇವಂತಿಗೆ, ಚೆಂಡು ಹೂ, ಗುಲಾಬಿ ಹೆಚ್ಚಾಗಿ ತೊಟ್ಟಿಲ್ಲದೆ ತೂಕಕ್ಕೆ ಸಿಗುತ್ತವೆ, ಮಲ್ಲಿಗೆ, ಕನಕಾಂಬರ ಮೊಳಕ್ಕೆ, ಮಾರಿಗೆ. ಬಿಡಿ ಹೂವನ್ನು ನಿಲ್ಲಿಸಲು ಉಪಾಯ ಮನೆಯಲ್ಲೇ ಇದೆ: ಉರಿದು ಮುಗಿದ ಊದಿನಕಡ್ಡಿಯ ಬಿದಿರನ್ನು ಹೂವಿನ ಬುಡಕ್ಕೆ ಚುಚ್ಚಿ, ಜೇಡಿಮಣ್ಣಿನ ಉಂಡೆಗೆ ಸಿಕ್ಕಿಸಿ. ಬೇಕಾದ ಕೋನಕ್ಕೆ ತಿರುಗಿಸಬಹುದು. ತೊಟ್ಟಿರುವ ಗುಲಾಬಿ, ಸುಗಂಧರಾಜ, ಗ್ಲಾಡಿಯೋಲಸ್ ಬೊಕೆ ಅಂಗಡಿಯಲ್ಲಿ ಕೇಳಿ.

ಯಾವುದು ಎಷ್ಟು ಹೊತ್ತು ಬಾಳುತ್ತದೆ ಎಂಬುದರ ಮೇಲೆ ಬರೆಯುವ ಸರದಿ ನಿಲ್ಲುತ್ತದೆ. ತಾವರೆ ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ದಾಸವಾಳ ಒಂದು ದಿನದ್ದು, ಮಲ್ಲಿಗೆ ಸಂಜೆ ಬಿರಿದು ಮರುದಿನ ಅಂಚು ಕಂದುತ್ತದೆ. ಇವನ್ನು ಮೊದಲು ಮುಗಿಸಿ. ಗುಲಾಬಿ ಎರಡು ಮೂರು ದಿನ ಕಾಯುತ್ತದೆ. ತೊಟ್ಟಿನ ಸೇವಂತಿಗೆ ನೀರಿನಲ್ಲಿ ವಾರದ ಮೇಲೂ ನಿಲ್ಲುವುದರಿಂದ ಕೊನೆಗಿಡಿ.

ಗೆಸ್ಸೋ ಹಚ್ಚಿದ ದಪ್ಪ ಕಾಗದವನ್ನು ಅಂಗೈ ಅಗಲದ ತುಂಡುಗಳಾಗಿ ಮಾಡಿಕೊಂಡು ಪ್ರತಿ ತುಂಡಿನ ಮೇಲೆ ಒಂದು ಹೂ, ಒಂದೂವರೆ ಗಂಟೆಯೊಳಗೆ. ಹತ್ತು ಹನ್ನೆರಡು ತುಂಡು ಬೇಕು. ಪ್ರತಿ ಸಲವೂ ಅದೇ ಡಬ್ಬ, ಅದೇ ಎಡಮೇಲಿನ ದೀಪ. ಒಂದು ಹೂವಿಗೆ ಬಲದ ಬೆಳಕಿದ್ದರೂ ಗುಚ್ಛದಲ್ಲಿ ಅದು ಪರಕೀಯವಾಗಿ ನಿಲ್ಲುತ್ತದೆ, ಯಾಕೆ ಎಂದು ನೋಡುವವರಿಗೆ ಹೊಳೆಯದಿದ್ದರೂ ಸರಿ ಇಲ್ಲವೆನಿಸುತ್ತದೆ. ಎರಡು ಹೂವನ್ನಾದರೂ ಹಿಂಭಾಗದಿಂದ, ತೊಟ್ಟು ಕಾಣುವಂತೆ ಬರೆಯಿರಿ. ಫೋನಿನ ಫೋಟೋ ಆಕಾರಕ್ಕೆ ನೆರವಾಗುತ್ತದೆ, ಆದರೆ ನೆರಳಿನೊಳಗಿನ ಬಣ್ಣವನ್ನು ಅದು ಕಪ್ಪು ಮಾಡಿಬಿಡುತ್ತದೆ. ನೆರಳನ್ನು ಕಣ್ಣಲ್ಲೇ ನೋಡಿ ಬರೆಯಬೇಕು.

ಜೋಡಣೆ

ಹೂಗುಚ್ಛದ ಎತ್ತರ ಚೊಂಬಿನ ಎತ್ತರದ ಒಂದೂವರೆಯಿಂದ ಎರಡು ಪಟ್ಟು. ಹಿತ್ತಾಳೆ ಚೊಂಬು ಇದಕ್ಕೆ ಹೇಳಿ ಮಾಡಿಸಿದ್ದು: ಹೊಟ್ಟೆ ದುಂಡಗಿದೆ, ಕತ್ತು ಕಿರಿದಾಗಿ ಹೂವನ್ನು ಹಿಡಿದು ನಿಲ್ಲಿಸುತ್ತದೆ, ಮೈಯಲ್ಲಿ ದೀಪದ ಬೆಳಕು ಕಾಣುತ್ತದೆ. ಹೊಸದಾಗಿ ಹುಣಸೆಹಣ್ಣಿನಲ್ಲಿ ತಿಕ್ಕಿದ್ದು ಬೇಡ. ಹತ್ತು ದಿನದ ಮಾಸಲಿದ್ದರೆ ಹೊಳಪು ಒಂದೇ ಕಡೆ ನಿಲ್ಲುತ್ತದೆ.

ಅತಿ ತಿಳಿಯಾದ, ದೊಡ್ಡ ಹೂ ಒಂದು, ನಡುವಿಗಿಂತ ತುಸು ಎಡಕ್ಕೆ ಮತ್ತು ಮೇಲಕ್ಕೆ. ಕೆನೆಬಣ್ಣದ ಗುಲಾಬಿ ಅಥವಾ ಬಿಳಿ ಡೇಲಿಯಾ ಆ ಜಾಗಕ್ಕೆ ಒಪ್ಪುತ್ತದೆ. ಅದರ ಸುತ್ತ ಮೂರು ನಡುಬೆಳಕಿನ ಹೂ: ನಸುಗೆಂಪು ಗುಲಾಬಿ, ಹಳದಿ ಸೇವಂತಿಗೆ. ಕಡುಗೆಂಪು ಮತ್ತು ನೇರಳೆ ಅಂಚಿಗೆ ಹೋಗಲಿ, ಅವು ಹಿನ್ನೆಲೆಯಲ್ಲಿ ಸುಲಭವಾಗಿ ಕರಗುತ್ತವೆ. ಮೇಲೆ ಬಲಕ್ಕೆ ವಾಲಿದ ಸುಗಂಧರಾಜದ ಕಡ್ಡಿ, ಕೆಳಗೆ ಎಡಕ್ಕೆ ಚೊಂಬಿನ ಬಾಯಿ ದಾಟಿ ಇಳಿಬಿದ್ದ ಮಲ್ಲಿಗೆ ಬಳ್ಳಿ. ಇವೆರಡರ ನಡುವೆ ಕಣ್ಣು ಓರೆಯಾಗಿ ಇಳಿದು ಬರುತ್ತದೆ. ಆ ಶೈಲಿಯಲ್ಲಿ ಗೋಧಿ ತೆನೆ ಬರುವ ಕಡೆ ಮಂಡ್ಯ ಸೀಮೆಯ ಭತ್ತದ ತೆನೆ ಇಡಿ, ಬಾಗುವ ರೀತಿ ಇನ್ನೂ ಚೆನ್ನ. ಕಲ್ಲಿನ ಕಟ್ಟೆಯ ಮೇಲೆ ಉದುರಿದ ಎರಡು ಎಸಳು, ಬೇಕಿದ್ದರೆ ಒಂದು ಬಸವನ ಹುಳು. ಕಟ್ಟೆಯ ಗೆರೆ ಕ್ಯಾನ್ವಾಸಿನ ಬುಡದಿಂದ ಆರನೇ ಒಂದು ಭಾಗದಷ್ಟು ಮೇಲಿದ್ದರೆ ಸಾಕು.

ಅಧ್ಯಯನದ ತುಂಡುಗಳನ್ನು ಕ್ಯಾನ್ವಾಸಿನಷ್ಟೇ ದೊಡ್ಡ ಕಾಗದದ ಮೇಲೆ ಹರಡಿ, ಸರಿಸಾಡಿ, ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಜೋಡಿಸಿ. ಪ್ರತಿ ತೊಟ್ಟನ್ನೂ ಮನಸ್ಸಿನಲ್ಲೇ ಕೆಳಕ್ಕೆ ಎಳೆದು ನೋಡಿ: ಅದು ಚೊಂಬಿನ ಬಾಯಿಗೆ ಬಂದು ಸೇರಬೇಕು. ಸೇರದಿದ್ದರೆ ಹೂ ಗಾಳಿಯಲ್ಲಿ ತೇಲುತ್ತದೆ.

ನೆಲದ ಬಣ್ಣ ಮತ್ತು ಮೊದಲ ಪದರ

ಬಿಳಿ ಕ್ಯಾನ್ವಾಸಿನ ಮೇಲೆ ಕತ್ತಲೆಯ ಚಿತ್ರ ಬರೆದರೆ ಕಣ್ಣು ಮೋಸ ಹೋಗುತ್ತದೆ, ಎಲ್ಲ ಬಣ್ಣವೂ ಕಪ್ಪಾಗಿ ಕಾಣುತ್ತದೆ. ರಾ ಅಂಬರ್ ಎರಡು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕರಗಿಸಿ ಬಳಿದು, ಹತ್ತು ನಿಮಿಷದ ಮೇಲೆ ಹಳೆ ಬನಿಯನ್ ಬಟ್ಟೆಯಿಂದ ಒರೆಸಿ. ಬೆಲ್ಲದ ಕಾಫಿಯ ಬಣ್ಣ ಉಳಿಯಬೇಕು. ಎರಡು ದಿನ ಒಣಗಲಿ. ಆಮೇಲೆ ಕಾಗದದ ಜೋಡಣೆಯನ್ನು ಸೀಮೆಸುಣ್ಣದಿಂದ ಇಳಿಸಿಕೊಳ್ಳಿ, ಎಸಳುಗಳನ್ನಲ್ಲ, ಹೂವಿನ ಹೊರ ಆಕಾರವನ್ನಷ್ಟೇ.

ಈಗ ಬರುವುದು ಡಚ್ಚರು ‘ಸತ್ತ ಬಣ್ಣ’ ಎಂದು ಕರೆದ ಪದರ. ರಾ ಅಂಬರ್ ಮತ್ತು ಬಿಳಿ, ಎರಡೇ ಬಣ್ಣ. ಟರ್ಪೆಂಟೈನ್ ಮಾತ್ರ, ಎಣ್ಣೆ ಬೇಡ. ಬೆಳಕಿಗೆ 1ರಿಂದ 9ರವರೆಗೆ ಅಂಕ ಕೊಟ್ಟುಕೊಳ್ಳಿ: 1 ಟ್ಯೂಬಿನ ಬಿಳಿ, 9 ಕಡುಗತ್ತಲೆ. ಹಿನ್ನೆಲೆ 8, ಮುಖ್ಯ ಹೂವಿನ ಬೆಳಕು 2, ನಡುವಿನ ಹೂಗಳು 4ರಿಂದ 5, ಅಂಚಿನವು 6ರಿಂದ 7. 1ನ್ನು ಇಲ್ಲಿ ಬಳಸಲೇಬೇಡಿ, ಅದು ಕೊನೆಯ ಹನಿಗೆ ಮೀಸಲು. ಮುಗಿದ ಮೇಲೆ ಆರು ಅಡಿ ಹಿಂದೆ ನಿಂತು ಕಣ್ಣು ಕಿರಿದಾಗಿಸಿ ನೋಡಿ. ಒಂದು ಹೂ ಮೊದಲು, ಮೂರು ಆಮೇಲೆ, ಉಳಿದವು ನಿಧಾನವಾಗಿ ಕಾಣಬೇಕು. ಹಾಗೆ ಕಾಣದಿದ್ದರೆ ಇಲ್ಲೇ ತಿದ್ದಿ. ಬಣ್ಣ ಬಂದ ಮೇಲೆ ಇದು ಸರಿಹೋಗುವುದಿಲ್ಲ, ಬಣ್ಣ ಬಂದರೆ ಎಲ್ಲ ಸರಿಹೋದೀತು ಎಂಬ ಆಸೆಯೇ ಹೆಚ್ಚು ಚಿತ್ರಗಳನ್ನು ಕೆಡಿಸಿದೆ.

ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಈ ಪದರ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಜುಲೈ ಮಳೆಯಲ್ಲಿ ವಾರ. ಉಗುರು ಊರಿದರೆ ಗುರುತು ಬೀಳಬಾರದು.

ಬಣ್ಣದ ಪದರ

ಇಲ್ಲಿ ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು ಬೆರೆಸಿಕೊಳ್ಳಿ. ಇದನ್ನೂ ಬಣ್ಣದ ಐದನೇ ಒಂದು ಪಾಲಿಗಿಂತ ಹೆಚ್ಚು ಸೇರಿಸಬೇಡಿ. ನಿಯಮ ಹಳೆಯದು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತ, ಮೇಲಿನ ಪೊರೆ ಕೆರೆಯ ಒಣಮಣ್ಣಿನಂತೆ ಸೀಳುತ್ತದೆ.

ಹಿನ್ನೆಲೆ ಮೊದಲು. ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸಮ ಸಮ, ಚಿಟಿಕೆಯಷ್ಟು ಕ್ವಿನಾಕ್ರಿಡೋನ್ ರೋಸ್. ಬರೀ ಐವರಿ ಬ್ಲ್ಯಾಕ್ ಬಳಿದರೆ ಕತ್ತಲೆಗೆ ಆಳ ಬರುವುದಿಲ್ಲ, ಅದು ಒಣಗುವುದೂ ತಡ. ಹೂವಿನ ಬೆಳಕಿನ ಬದಿಗೆ, ಅಂದರೆ ಎಡಕ್ಕೆ, ಹಿನ್ನೆಲೆ ಹೆಚ್ಚು ಕಪ್ಪಗಿರಲಿ. ನೆರಳಿನ ಬದಿಗೆ, ಬಲಕ್ಕೆ, ಒಂದು ಅಂಕ ತಿಳಿಯಾಗಲಿ. ಹೀಗೆ ಮಾಡಿದಾಗ ಬೆಳಕಿನ ಎಸಳು ಕತ್ತಲೆಯ ಎದುರಿಗೂ, ಕಪ್ಪು ಎಲೆ ತಿಳಿಯ ಎದುರಿಗೂ ಬಂದು ಗುಚ್ಛದ ಸುತ್ತ ಗಾಳಿ ಆಡುತ್ತದೆ. ಹಿನ್ನೆಲೆ ಹಸಿಯಿರುವಾಗಲೇ ಅಂಚಿನ ಹೂ, ಎಲೆಗಳನ್ನು ಅದರೊಳಕ್ಕೆ ಬರೆದು ಒಣ ಬ್ರಷ್‌ನಿಂದ ಒಮ್ಮೆ ಸವರಿ.

ಎಲೆಗೆ ಟ್ಯೂಬಿನ ಹಸಿರು ಬೇಡ. ಅಲ್ಟ್ರಾಮರೀನ್, ಯೆಲ್ಲೋ ಓಕರ್, ಒಂದಿಷ್ಟು ಬರ್ಂಟ್ ಸಿಯೆನ್ನಾ ಕಲಸಿದರೆ ನೆರಳಿನ ಹಸಿರು ಸಿಗುತ್ತದೆ. ಹತ್ತಿರದ ಎಲೆಗೆ ಕ್ಯಾಡ್ಮಿಯಂ ಲೆಮನ್ ಸೇರಿಸಿ. ಮ್ಯೂಸಿಯಂಗಳ ಚಿತ್ರ ನೋಡಿ ಎಲೆಗಳನ್ನು ನೀಲಿಯಾಗಿ ಬರೆಯುವವರಿದ್ದಾರೆ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಎಲೆ ಇಂದು ನೀಲಿಯಾಗಿರುವುದು ಹಸಿರಿನ ಮೇಲಿನ ಹಳದಿ ಗ್ಲೇಜ್ ಬೆಳಕಿಗೆ ಮಾಸಿಹೋದದ್ದರಿಂದ. ಬರೆದವರು ಹಸಿರಾಗಿಯೇ ಬರೆದಿದ್ದರು.

ಗುಲಾಬಿಯ ಬಗ್ಗೆ ವಿವರವಾಗಿಯೇ ಹೇಳಬೇಕು. ಎಸಳು ಎಣಿಸುತ್ತ ಶುರುಮಾಡಿದರೆ ಎಲೆಕೋಸು ಆಗುತ್ತದೆ. ಮೊದಲು ಅದನ್ನೊಂದು ಬಟ್ಟಲೆಂದು ನೋಡಿ: ಹೊರಗೆ ದುಂಡು, ನಡುವೆ ಗುಳಿ. ದೀಪ ಎಡಮೇಲಿದ್ದರೆ ಹೊರಮೈಯ ಎಡಭಾಗ ಬೆಳಗುತ್ತದೆ, ಗುಳಿಯೊಳಗೆ ಮಾತ್ರ ಬಲಗೋಡೆ ಬೆಳಗುತ್ತದೆ. ಈ ತಿರುಗುಮುರುಗು ಬಂದರೆ ಹೂ ಟೊಳ್ಳಾಗಿ, ಮೂಗು ಇಟ್ಟು ಮೂಸಬಹುದು ಎಂಬಂತೆ ಕಾಣುತ್ತದೆ. ನಸುಗೆಂಪು ಗುಲಾಬಿಯ ನೆರಳಿಗೆ ಕ್ವಿನಾಕ್ರಿಡೋನ್ ರೋಸ್, ರಾ ಅಂಬರ್, ಸೂಜಿಮೊನೆಯಷ್ಟು ಎಲೆಯ ಹಸಿರು. ನಡುಬಣ್ಣಕ್ಕೆ ರೋಸ್, ಓಕರ್, ಬಿಳಿ. ಬೆಳಕಿಗೆ ಬಿಳಿ, ಅದರಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಕ್ಯಾಡ್ಮಿಯಂ ರೆಡ್. ಮೂರು ಬಣ್ಣದಲ್ಲಿ ಬಟ್ಟಲು ನಿಂತ ಮೇಲೆ ಎಸಳಿನ ಮಡಚಿದ ಅಂಚುಗಳನ್ನು 4 ನಂಬರಿನ ಫಿಲ್ಬರ್ಟ್‌ನಿಂದ, ಒಂದಕ್ಕೆ ಒಂದೇ ಎಳೆತದಲ್ಲಿ ಹಾಕಿ. ಬ್ರಷ್ ಅಂಚಿನ ಮೇಲೆ ಒತ್ತಿ, ಹೂವಿನ ಒಳಕ್ಕೆ ಎಳೆಯುತ್ತ ಎತ್ತಬೇಕು. ನಾಲ್ಕೈದು ಅಂಚು ಚೂಪಾಗಿದ್ದರೆ ಸಾಕು, ಉಳಿದವು ಪಕ್ಕದ ಎಸಳಿನಲ್ಲಿ ಕಳೆದುಹೋಗಲಿ.

ಮಲ್ಲಿಗೆ ಬಿಳಿಯಲ್ಲ. ನೆರಳಿನ ಬದಿ ಬೂದುಹಸಿರು, ಅಂಕ 5. ನಡುವೆ 3. ತೊಟ್ಟಿನ ಹತ್ತಿರ ಹಳದಿಹಸಿರಿನ ಛಾಯೆ. ಕಟ್ಟಿದ ಮಾಲೆಯಲ್ಲಿ ಎಲ್ಲ ಹೂವೂ ಒಂದೇ ಕಡೆ ಮುಖ ಮಾಡಿರುವುದರಿಂದ ಬಿಡಿ ಬಳ್ಳಿಯನ್ನೇ ನೋಡಿ ಬರೆಯಿರಿ.

ಚೊಂಬಿಗೆ ಹೆಚ್ಚು ಮಾತು ಬೇಡ. ಬರ್ಂಟ್ ಅಂಬರ್‌ನಲ್ಲಿ ನೆರಳು, ಓಕರ್‌ನಲ್ಲಿ ಮೈ, ಲೆಮನ್ ಸೇರಿದ ಬಿಳಿಯಲ್ಲಿ ಒಂದೇ ಹೊಳಪು. ಮೇಲಿಂದ ಇಳಿಬಿದ್ದ ಹೂವಿನ ಬಣ್ಣ ಚೊಂಬಿನ ಮೈಯಲ್ಲಿ ಮಂಕಾಗಿ ಕಾಣಬೇಕು, ಅದನ್ನು ಮರೆತರೆ ಚೊಂಬು ಹೂವಿಗೆ ಸಂಬಂಧವೇ ಇಲ್ಲದಂತೆ ನಿಲ್ಲುತ್ತದೆ.

ಗ್ಲೇಜ್ ಮತ್ತು ಹನಿ

ಬಣ್ಣದ ಪದರ ಒಣಗಲು ಬೇಸಿಗೆಯಲ್ಲಿ ಹತ್ತು ದಿನ, ಮಳೆಗಾಲದಲ್ಲಿ ಮೂರು ವಾರವಾದರೂ ಬಿಡಿ. ಗ್ಲೇಜಿಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮ ಸಮ. ತೆಳು ಬಣ್ಣ ಹಚ್ಚಿ, ಬೆರಳಿಗೆ ಸುತ್ತಿದ ಬಟ್ಟೆಯಿಂದ ಮುಕ್ಕಾಲು ಪಾಲು ಒರೆಸಿ ತೆಗೆಯಬೇಕು. ಉಳಿದ ಕಾಲು ಪಾಲೇ ಗ್ಲೇಜ್. ಕಡುಗೆಂಪು ಗುಲಾಬಿಗೆ ಕ್ವಿನಾಕ್ರಿಡೋನ್ ರೋಸ್‌ನ ಎರಡು ಗ್ಲೇಜ್, ನಡುವೆ ನಾಲ್ಕೈದು ದಿನ ಬಿಟ್ಟು, ಕೊಟ್ಟರೆ ಯಾವ ಟ್ಯೂಬಿನಲ್ಲೂ ಸಿಗದ ಕೆಂಪು ಬರುತ್ತದೆ: ಬೆಳಕು ಆ ಪಾರದರ್ಶಕ ಪೊರೆ ದಾಟಿ, ಕೆಳಗಿನ ಬಿಳಿಗೆ ತಾಗಿ, ಮತ್ತೆ ಪೊರೆ ದಾಟಿ ಕಣ್ಣಿಗೆ ಬರುವುದರಿಂದ. ಹಿಂದೆ ಸರಿಯಬೇಕಾದ ಹೂಗಳ ಮೇಲೆ ರಾ ಅಂಬರ್‌ನ ತೆಳು ಗ್ಲೇಜ್ ಕೊಟ್ಟು ನೆರಳಿಗೆ ತಳ್ಳಿ. ನೀವು ತುಂಬ ಕಷ್ಟಪಟ್ಟು ಬರೆದ ಹೂವೇ ಅದಾಗಿದ್ದರೂ ತಳ್ಳಿ.

ಗ್ಲೇಜ್ ಕಮಲದೆಲೆಯ ಮೇಲಿನ ನೀರಿನಂತೆ ಮಣಿಗಟ್ಟಿದರೆ ಕೆಳಗಿನ ಪದರ ತೀರಾ ನುಣುಪಾಗಿದೆ ಎಂದರ್ಥ. ಒರೆಸಿ ತೆಗೆದು, ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಉಜ್ಜಿ ಮತ್ತೆ ಹಚ್ಚಿ.

ನೀರಿನ ಹನಿ ಈ ಶೈಲಿಯ ಗುರುತು. ಎಲೆ ಪೂರ್ತಿ ಒಣಗಿರಲಿ. ಹನಿಯ ಒಳಗೆ, ದೀಪದ ಕಡೆಗೆ, ಅಂದರೆ ಎಡಮೇಲೆ, ಎಲೆಯ ಬಣ್ಣಕ್ಕಿಂತ ಕಪ್ಪಾದ ಹಸಿರನ್ನು ಹಾಕಿ. ಎದುರು ಬದಿಗೆ, ಬಲಕೆಳಗೆ, ತಿಳಿ ಹಳದಿಹಸಿರು. ಹನಿ ಮಸೂರದಂತೆ ಬೆಳಕನ್ನು ಅಲ್ಲಿಗೆ ಕೂಡಿಸುತ್ತದೆ. ಎರಡನ್ನೂ ನಡುವೆ ಕರಗಿಸಿ. ಹನಿಯ ಹೊರಗೆ ಬಲಕೆಳಗೆ ಕೂದಲೆಳೆಯ ನೆರಳು, ಆ ನೆರಳಿನ ನಡುವೆಯೂ ಒಂದು ಚೂರು ಬೆಳಕು. ಕೊನೆಗೆ, ಇಷ್ಟು ದಿನ ಕಾದಿಟ್ಟ 1ನೇ ಅಂಕದ ಬಿಳಿ: ಕಪ್ಪು ಬದಿಯಲ್ಲಿ, 1 ನಂಬರಿನ ರೌಂಡ್ ಬ್ರಷ್‌ನ ತುದಿಯಿಂದ ದಪ್ಪಗೆ ಒಂದೇ ಚುಕ್ಕಿ. ಮತ್ತೆ ಮುಟ್ಟಬೇಡಿ. ಇಡೀ ಚಿತ್ರಕ್ಕೆ ಮೂರು ಹನಿ ಸಾಕು.

ಒಣಗಿಸುವುದು, ಕಾಪಾಡುವುದು

ಒಣಗಿದ ಮೇಲೆ ಹಿನ್ನೆಲೆಯಲ್ಲಿ ಅಲ್ಲಲ್ಲಿ ಮಂಕು ಕಲೆ ಕಂಡರೆ ಗಾಬರಿ ಬೇಡ. ಅಂಬರ್ ಇದ್ದಲ್ಲಿ, ಟರ್ಪೆಂಟೈನ್ ಹೆಚ್ಚಾದಲ್ಲಿ ಎಣ್ಣೆ ಕೆಳಗಿಳಿದು ಹೀಗಾಗುತ್ತದೆ. ಅಗಸೆ ಎಣ್ಣೆ, ಟರ್ಪೆಂಟೈನ್ ಸಮ ಬೆರೆಸಿ ಆ ಜಾಗಕ್ಕೆ ತೆಳ್ಳಗೆ ಸವರಿ, ಐದು ನಿಮಿಷದಲ್ಲಿ ಪೂರ್ತಿ ಒರೆಸಿ. ಧೂಳು ಕೂರುತ್ತದೆಂದು ಹಸಿ ಚಿತ್ರವನ್ನು ಬೀರುವಿನೊಳಗೆ ಇಡಬೇಡಿ. ಕತ್ತಲೆಯಲ್ಲಿ ಒಣಗುವ ಅಗಸೆ ಎಣ್ಣೆ ಹಳದಿಯಾಗುತ್ತದೆ. ಬಿಸಿಲು ಬೀಳದ, ಬೆಳಕಿರುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿದರೆ ಧೂಳೂ ತಪ್ಪುತ್ತದೆ. ಹಳದಿಯಾದದ್ದು ಕೆಲವು ವಾರ ಬೆಳಕಿಗೆ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ವಾರ್ನಿಷ್‌ಗೆ ಆರು ತಿಂಗಳು ಕಾಯಬೇಕು, ಹನಿಯಂಥ ದಪ್ಪ ಬಣ್ಣ ಹೆಚ್ಚಿದ್ದರೆ ವರ್ಷ. ಮುಂದೆ ಬೇಕಾದಾಗ ತೆಗೆಯಬಹುದಾದ ಸಿಂಥೆಟಿಕ್ ವಾರ್ನಿಷ್ ತನ್ನಿ. ಮರದ ರಾಳದಿಂದ ಮಾಡುವ ಡಾಮರ್ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನವನ್ನು ಆರಿಸಿಕೊಳ್ಳಿ. ಮಳೆಗಾಲದ ತೇವದಲ್ಲಿ ಹಚ್ಚಿದರೆ ವಾರ್ನಿಷ್ ಮೇಲೆ ಬಿಳಿ ಮಂಜು ಕೂರುತ್ತದೆ, ಅಷ್ಟು ಜತನದಿಂದ ಕಟ್ಟಿದ ಕತ್ತಲೆ ಬೂದಿಯಾಗುತ್ತದೆ. ತೂಗುಹಾಕುವಾಗ ಮಳೆನೀರು ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆ ನೋಡಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಇಂಚಿನ ಕಾರ್ಕ್ ತುಂಡು ಅಂಟಿಸಿ. ಗಾಳಿ ಆಡಿದರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುವುದಿಲ್ಲ.